ಮಾರಿಗೆ ಮದ್ದು ಕಂಡ ಮಹನೀಯ: ವಾಲ್ಡೆಮಾರ್ ಹಾಫ್ಕಿನ್

ತೆಂಗಿನ ನಾಡಿನವರಾದ ನಮಗೆ ತೆಂಗಿನೆಣ್ಣೆಯ ಉಪಯೋಗವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಡುಗೆಯಿಂದ ತೊಡಗಿ ತಲೆಗೂದಲಿನವರೆಗೆ, ದೇವರ ದೀಪದಿಂದ ತೊಡಗಿ ಬಾಣಂತಿಯ ಅಭ್ಯಂಗದವರೆಗೆ ಅದು ನಮ್ಮ ಬದುಕಿನ ಒಡನಾಡಿ. ಆದರೆ ಲಕ್ಷಗಟ್ಟಲೆ ಜನರ ಪ್ರಾಣವುಳಿಸಿದ ಲಸಿಕೆಯೊಂದರ ತಯಾರಿಕೆಯಲ್ಲಿಯೂ ತುಪ್ಪದೊಡನೆ ತೆಂಗಿನೆಣ್ಣೆಗೆ ಪಾಲಿತ್ತೆಂಬ ಸಂಗತಿ ನಮ್ಮಲ್ಲಿ ಹಲವರಿಗೆ ಹೊಸದಾಗಿರಬಹುದು. ಆ ಲಸಿಕೆ ಪ್ಲೇಗಿನದು. ಅದನ್ನು ಕಂಡುಹಿಡಿದವರು ವಾಲ್ಡೆಮಾರ್ ಹಾಫ್ಕಿನ್. ಮುಂಬಯಿಯ ಪರೇಲಿನಲ್ಲಿರುವ ಹಾಫ್ಕಿನ್ ಸಂಸ್ಥೆಯ ಹೆಸರನ್ನು ಕೇಳಿದವರು ಅನೇಕರಿದ್ದಾರೆ. ಆ ಹೆಸರಿನ ಹಿಂದಿರುವ ಬಾಳನ್ನು ಬಲ್ಲವರು ವಿರಳ. ವಿದ್ಯಾಸಂಸ್ಥೆಯೊಂದು ನೂರು ವರ್ಷ ತುಂಬಿಸಿದ ಈ ಸಂದರ್ಭದಲ್ಲಿ, ವಿದ್ಯೆಯನ್ನು ಲೋಕಹಿತಕ್ಕೆ ಮೀಸಲಿಟ್ಟು, ಅದರ ಫಲವಾಗಿ ಗೌರವವನ್ನೂ ಅಪವಾದವನ್ನೂ ಸಮವಾಗಿ ಉಂಡ ಈ ಮಹನೀಯರನ್ನು ನೆನೆಯುವುದು ಉಚಿತವೆನಿಸುತ್ತದೆ.

ಹಾಫ್ಕಿನ್ ಹುಟ್ಟಿದುದು 1860ರ ಮಾರ್ಚ್ ತಿಂಗಳಲ್ಲಿ, ಕಪ್ಪು ಸಮುದ್ರದ ತೀರದ ಒಡೆಸ್ಸಾ ನಗರದಲ್ಲಿ. ಆಗ ಅದು ರಷ್ಯಾದ ಚಕ್ರಾಧಿಪತ್ಯಕ್ಕೆ ಸೇರಿತ್ತು. ಅವರದು ಯೆಹೂದ್ಯ ಮನೆತನ. ಒಡೆಸ್ಸಾದ ವಿಶ್ವವಿದ್ಯಾಲಯದಲ್ಲಿ ಅವರಿಗೆ ಗುರುವಾಗಿ ದೊರೆತವರು ಇಲ್ಯಾ ಮೆಚ್ನಿಕೋವ್. ದೇಹದೊಳಗೆ ಹೊಕ್ಕ ರೋಗಾಣುಗಳನ್ನು ರಕ್ತದ ಬಿಳಿಯ ಕಣಗಳು ನುಂಗಿ ನಾಶಮಾಡುತ್ತವೆಂಬುದನ್ನು ತೋರಿಸಿ ಮುಂದೆ ನೊಬೆಲ್ ಪ್ರಶಸ್ತಿಗೆ ಪಾತ್ರರಾದ ವಿಜ್ಞಾನಿ. 1881ರಲ್ಲಿ ಯೆಹೂದ್ಯರ ಮೇಲೆ ದೊಂಬಿಗಳು ನಡೆದಾಗ ತರುಣ ಹಾಫ್ಕಿನ್ ತನ್ನವರ ರಕ್ಷಣೆಗಾಗಿ ಬೀದಿಗಿಳಿದರು, ಗಾಯಗೊಂಡು ಬಂಧನಕ್ಕೊಳಗಾದರು. ಅವರನ್ನು ಬಿಡಿಸಲು ಗುರುಗಳೇ ಮುಂದೆ ಬರಬೇಕಾಯಿತು. ಮತಾಂತರಗೊಂಡಿದ್ದರೆ ಅಧ್ಯಾಪಕ ಪದವಿಯ ಬಾಗಿಲು ತೆರೆಯುತ್ತಿತ್ತು. ಅದಕ್ಕೆ ಅವರು ಒಪ್ಪಲಿಲ್ಲ. ಕೆಲವು ವರ್ಷ ಒಡೆಸ್ಸಾದ ಪ್ರಾಣಿ ವಸ್ತುಸಂಗ್ರಹಾಲಯದಲ್ಲಿ ದುಡಿದು, 1888ರಲ್ಲಿ ದೇಶ ಬಿಟ್ಟು ಜಿನೀವಾಕ್ಕೆ ಹೋದರು. ಮರುವರ್ಷ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದರು. ಅಲ್ಲಿ ಆಗ ತೆರವಿದ್ದುದು ಗ್ರಂಥಪಾಲಕನ ಸ್ಥಾನವೊಂದೇ. ಅದನ್ನೇ ಸ್ವೀಕರಿಸಿ, ಬಿಡುವಿನ ವೇಳೆಯಲ್ಲಿ ಸೂಕ್ಷ್ಮಾಣುಗಳ ಅಭ್ಯಾಸಕ್ಕೆ ತೊಡಗಿದರು.

ಆ ಕಾಲದಲ್ಲಿ ವಾಂತಿಭೇದಿ, ಎಂದರೆ ಕಾಲರಾ, ಯುರೋಪನ್ನೂ ಏಷ್ಯಾವನ್ನೂ ಒಟ್ಟಿಗೆ ನಡುಗಿಸುತ್ತಿತ್ತು. ಹಾಫ್ಕಿನ್ ಅದರ ರೋಗಾಣುವನ್ನು ಪ್ರಾಣಿಗಳಲ್ಲಿ ಹಾಯಿಸಿ ತೀವ್ರಗೊಳಿಸಿದರು. ಬೇರೊಂದು ವಿಧಾನದಿಂದ ದುರ್ಬಲಗೊಳಿಸಿದರು. ಮೊದಲು ದುರ್ಬಲವಾದುದನ್ನೂ ಕೆಲವು ದಿನಗಳ ಬಳಿಕ ತೀವ್ರವಾದುದನ್ನೂ ಕೊಡುವ ಲಸಿಕೆಯೊಂದನ್ನು ರೂಪಿಸಿದರು. 1892ರ ಜುಲೈ 18ರಂದು ಅದನ್ನು ತನ್ನ ದೇಹಕ್ಕೇ ಚುಚ್ಚಿಕೊಂಡರು. ಜ್ವರ ಬಂತು, ಇಳಿಯಿತು. ಅವರು ಉಳಿದರು.

ಅದೇ 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾಲರಾ 8,000ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅದಕ್ಕೆ ತಾಗಿಕೊಂಡೇ ಇದ್ದ ಆಲ್ಟೋನಾ ಊರು ಬಹುಮಟ್ಟಿಗೆ ಪಾರಾಯಿತು. ಎರಡೂ ಊರುಗಳಿಗೆ ನೀರು ಬರುತ್ತಿದ್ದುದು ಎಲ್ಬ್ ನದಿಯಿಂದಲೇ. ಆದರೆ ಆಲ್ಟೋನಾದವರು ಆ ನೀರನ್ನು ಮರಳಿನ ಹಾಸಿನ ಮೂಲಕ ನಿಧಾನವಾಗಿ ಸೋಸಿ ಕುಡಿಯುತ್ತಿದ್ದರು. ಇಂಥ ಸೋಸುಹಾಸಿನಲ್ಲಿ ನೀರನ್ನು ಶುದ್ಧಗೊಳಿಸುವ ಮುಖ್ಯ ಕೆಲಸ ನಡೆಯುವುದು ಮರಳಿನ ಮೇಲ್ಭಾಗದಲ್ಲಿ ಕಟ್ಟಿಕೊಳ್ಳುವ ತೆಳುವಾದ ಲೋಳೆಯ ಪದರದಲ್ಲಿ. ಅದು ಜೀವವಿರುವ ಪದರ. ಅಲ್ಲಿ ನೆಲೆಸಿದ ಅಸಂಖ್ಯ ಸೂಕ್ಷ್ಮಾಣುಗಳು ನೀರಿನಲ್ಲಿ ಬಂದ ಕಶ್ಮಲವನ್ನೂ ರೋಗಾಣುಗಳನ್ನೂ ಹಿಡಿದು ತಿಂದು ಹಾಕುತ್ತವೆ.

ಈ ಲೋಳೆಯ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಏಕೆಂದರೆ ಹಾಫ್ಕಿನ್ನರ ಬಾಳಿನುದ್ದಕ್ಕೂ ಅದು ಒಂದಲ್ಲ ಒಂದು ರೂಪದಲ್ಲಿ ಎದುರಾಗುತ್ತದೆ. ನಮ್ಮ ಕೆರೆಯ ಮೆಟ್ಟಿಲುಗಳ ಮೇಲಿನ ಹಾವಸೆಯಲ್ಲಿ, ಸುರಂಗದ ಮುರಕಲ್ಲಿನ ಗೋಡೆಯ ಜಾರಿಕೆಯಲ್ಲಿ, ನೀರಿನ ಟಾಂಕಿಯ ಒಳಮೈಯ ನುಣುಪಿನಲ್ಲಿ, ಬೆಳಗ್ಗೆ ಎದ್ದಾಗ ಹಲ್ಲಿನ ಮೇಲೆ ನಾಲಗೆಗೆ ತಗಲುವ ಅಂಟಿನಲ್ಲಿ ಬೆರಳಿಗೆ ಸಿಗುವುದು ಇದೇ ಬಗೆಯ ಲೋಳೆ. ವಿಜ್ಞಾನದಲ್ಲಿ ಇದಕ್ಕೆ ಬಯೋಫಿಲ್ಮ್ ಎಂದು ಹೆಸರು. ಕನ್ನಡದಲ್ಲಿ ಜೈವಿಕ ಪದರ ಎನ್ನಬಹುದು. ಬ್ಯಾಕ್ಟೀರಿಯಾಗಳು ನೀರಿನಲ್ಲಿ ಒಂಟಿಯಾಗಿ ತೇಲುವುದಕ್ಕಿಂತ ಒಂದು ಆಧಾರಕ್ಕೆ ಅಂಟಿಕೊಂಡು ಗುಂಪಾಗಿ ಬಾಳುವುದೇ ಹೆಚ್ಚು. ಅಂಟಿದ ಮೇಲೆ ಸಕ್ಕರೆ, ಪ್ರೋಟೀನುಗಳ ಅಂಟನ್ನು ಸ್ರವಿಸಿ ತಮ್ಮ ಸುತ್ತ ಮನೆ ಕಟ್ಟಿಕೊಳ್ಳುತ್ತವೆ. ಆ ಮನೆಯೊಳಗಿನ ರೋಗಾಣುವನ್ನು ಕೊಲ್ಲಲು ಒಂಟಿ ರೋಗಾಣುವಿಗೆ ಬೇಕಾದುದಕ್ಕಿಂತ ನೂರಾರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಹೆಚ್ಚು ಔಷಧ ಬೇಕಾಗುವುದುಂಟು. ರೋಗಿಯ ಮೂತ್ರನಾಳದಲ್ಲಿಟ್ಟ ಕೊಳವೆಯಲ್ಲಿ, ಕೃತಕ ಕೀಲಿನಲ್ಲಿ, ಹೃದಯದ ಕವಾಟದಲ್ಲಿ ಒಮ್ಮೆ ಇಂಥ ಪದರ ಕಟ್ಟಿತೆಂದರೆ ಸೋಂಕು ಮತ್ತೆ ಮತ್ತೆ ಮರುಕಳಿಸುವುದು ಇದರಿಂದಲೇ. ಆಲ್ಟೋನಾದ ಮರಳಿನಲ್ಲಿ ಕಾಪಾಡಿದ ಗುಣವೇ ರೋಗಿಯ ದೇಹದಲ್ಲಿ ಕಾಡುತ್ತದೆ. ಹಾಫ್ಕಿನ್ನರ ಕಾಲದಲ್ಲಿ ಈ ಹೆಸರಾಗಲಿ ವಿವರಗಳಾಗಲಿ ಇರಲಿಲ್ಲ; ಆದರೆ ರೋಗಾಣುಗಳ ಈ ಸ್ವಭಾವವನ್ನು ತಮ್ಮ ಕೈಯಾರೆ ದುಡಿಸಿಕೊಂಡವರಲ್ಲಿ ಅವರೂ ಒಬ್ಬರು.

ಭಾರತದಲ್ಲಿ ವೈಸರಾಯ್ ಆಗಿದ್ದು ಆಗ ಪ್ಯಾರಿಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಡಫರಿನ್ನರ ಸಲಹೆಯಂತೆ ಹಾಫ್ಕಿನ್ 1893ರ ಮಾರ್ಚಿನಲ್ಲಿ ಕಲ್ಕತ್ತಕ್ಕೆ ಬಂದರು. ವೈದ್ಯಪದವಿಯಿಲ್ಲದ, ರಷ್ಯಾ ದೇಶದ, ಯೆಹೂದ್ಯ ಪ್ರಾಣಿಶಾಸ್ತ್ರಜ್ಞರನ್ನು ಇಲ್ಲಿಯ ಬ್ರಿಟಿಷ್ ವೈದ್ಯಾಧಿಕಾರಿಗಳು ಅಷ್ಟೇನೂ ಆದರದಿಂದ ಕಾಣಲಿಲ್ಲ. ಜನರಿಗೂ ಸಂಶಯವೇ. ಸೂಜಿ ಹಿಡಿದು ಬಂದ ಪರದೇಶಿಯನ್ನು ಯಾರು ನಂಬಬೇಕು? ಭಾರತೀಯ ವೈದ್ಯರ ನೆರವಿನಿಂದ, ಜನರ ಭಾಷೆಯಲ್ಲಿಯೇ ಅವರ ಮನವೊಲಿಸುವ ದಾರಿಯನ್ನು ಹಾಫ್ಕಿನ್ ಹಿಡಿದರು. 1894ರಲ್ಲಿ ಕಲ್ಕತ್ತದ ಕಟ್ಟಲ್ ಬಗಾನ್ ಎಂಬ ಬಡವರ ಕೇರಿಯಲ್ಲಿ ಕಾಲರಾ ಕಾಣಿಸಿಕೊಂಡಾಗ ಅಲ್ಲಿಯ ಸುಮಾರು 200 ಜನರಲ್ಲಿ 116 ಮಂದಿ ಚುಚ್ಚುಮದ್ದಿಗೆ ತೋಳು ಕೊಟ್ಟರು. ಆಮೇಲೆ ಆ ಕೇರಿಯಲ್ಲಿ ರೋಗ ತಗಲಿದ್ದು ಚುಚ್ಚುಮದ್ದು ತೆಗೆದುಕೊಳ್ಳದವರಿಗೆ ಮಾತ್ರ. ಕೆಲವರಿಗೆ ಮದ್ದು ಕೊಟ್ಟು, ಅದೇ ನೀರು ಅದೇ ಗಾಳಿಯಲ್ಲಿ ಬಾಳುವ ಉಳಿದವರೊಡನೆ ಹೋಲಿಸಿ ಲೆಕ್ಕವಿಡುವ ಅವರ ಕ್ರಮ ಅಂದಿಗೆ ಹೊಸತು. ಇಂದು ಯಾವುದೇ ಲಸಿಕೆಯನ್ನು ಒರೆಗೆ ಹಚ್ಚುವುದು ಇಂಥ ಹೋಲಿಕೆಯಿಂದಲೇ.

ಕಾಲರಾದ ರೋಗಾಣುವೂ ಕೆರೆಕೊಳಗಳಲ್ಲಿ ಒಂಟಿಯಾಗಿರುವುದಿಲ್ಲ. ನೀರಿನ ಸೂಕ್ಷ್ಮ ಜಲಚರಗಳ ಮೈಮೇಲೆ ಪದರ ಕಟ್ಟಿ ಅದು ಕಾಲ ಕಳೆಯುತ್ತದೆ. ಇದನ್ನರಿತ ವಿಜ್ಞಾನಿಗಳು ಬಾಂಗ್ಲಾದೇಶದ ಹಳ್ಳಿಗಳಲ್ಲಿ, ಹಲವು ಮಡಿಕೆಗಳಾಗಿ ಮಡಿಸಿದ ಹಳೆಯ ಸೀರೆಯಲ್ಲಿ ನೀರು ಸೋಸುವಂತೆ ಮಾಡಿದಾಗ ಕಾಲರಾ ಸುಮಾರು ಅರ್ಧಕ್ಕಿಳಿಯಿತು. ಆಟಿ ತಿಂಗಳ ರೋಗರುಜಿನಗಳಿಗೆ ಅಂಜಿ ಬಟ್ಟೆಯಲ್ಲಿ ಸೋಸಿ, ಕಾಯಿಸಿ ಆರಿಸಿದ ನೀರನ್ನೇ ಮಕ್ಕಳಿಗೆ ಕೊಡುತ್ತಿದ್ದ ನಮ್ಮ ಹಿರಿಯರ ಎಚ್ಚರಿಕೆ ಅರ್ಥವಿಲ್ಲದ್ದಾಗಿರಲಿಲ್ಲ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಡಾಕ್ಟರ್ ಅಕಾಸಿಯೊ ವೀಗಸ್ ಎಂಬ ವೈದ್ಯರು ತಾವು ಕಂಡ ಜ್ವರಗಡ್ಡೆ ಪ್ಲೇಗೇ ಎಂದು ಗುರುತಿಸಿದರು. ಜನ ಊರು ಬಿಟ್ಟು ಓಡತೊಡಗಿದರು. ಸರಕಾರ ಹಾಫ್ಕಿನ್ನರನ್ನು ಮುಂಬಯಿಗೆ ಕಳುಹಿಸಿತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಸಿಕ್ಕ ಸಣ್ಣ ಜಾಗ, ಬೆರಳೆಣಿಕೆಯ ಸಹಾಯಕರು, ಹಗಲಿರುಳಿನ ದುಡಿಮೆ. ಮೂರು ತಿಂಗಳೊಳಗೆ ಲಸಿಕೆ ಸಿದ್ಧವಾಯಿತು.

ಅದನ್ನು ತಯಾರಿಸಿದ ಬಗೆ ಸ್ವಾರಸ್ಯಕರವಾದುದು. ರೋಗಾಣುಗಳನ್ನು ಬೆಳೆಸಲು ಮಾಂಸದ ಸಾರು ಬೇಕು. ದನದ ಅಥವಾ ಹಂದಿಯ ಮಾಂಸ ಬಳಸಿದರೆ ಈ ದೇಶದ ಜನರ ಮನಸ್ಸಿಗೆ ನೋವಾಗುತ್ತದೆಂದು ತಿಳಿದು ಹಾಫ್ಕಿನ್ ಆಡಿನ ಮಾಂಸವನ್ನು ಆರಿಸಿಕೊಂಡರು. ಗಾಜಿನ ಕುಪ್ಪಿಗಳಲ್ಲಿ ಸಾರು ತುಂಬಿ, ಮೇಲೆ ತುಪ್ಪದ ಅಥವಾ ತೆಂಗಿನೆಣ್ಣೆಯ ಕೆಲವು ಹನಿಗಳನ್ನು ತೇಲಿಬಿಟ್ಟು, ಪ್ಲೇಗಿನ ರೋಗಾಣುಗಳನ್ನು ಬಿತ್ತಿದರು. ಅವು ಆ ಹನಿಗಳ ಅಡಿಭಾಗಕ್ಕೆ ಕಚ್ಚಿಕೊಂಡು, ಆಲದ ಬಿಳಲುಗಳಂತೆ ಸಾರಿನೊಳಕ್ಕೆ ಇಳಿಬೀಳುತ್ತ ಬೆಳೆದವು. ಕುಪ್ಪಿಯನ್ನು ಮೆಲ್ಲನೆ ಅಲುಗಿಸಿದರೆ ಆ ಬಿಳಲುಗಳು ಕಳಚಿ ತಳಕ್ಕೆ ಬೀಳುತ್ತಿದ್ದವು. ಹನಿಗಳ ಕೆಳಗೆ ಮತ್ತೆ ಹೊಸ ಬೆಳೆ. ಹೀಗೆ ಬೆಳೆಯ ಮೇಲೆ ಬೆಳೆ ತೆಗೆಯುತ್ತ ಕೆಲವು ವಾರ ಕಳೆದ ಬಳಿಕ ಕಾಯಿಸಿ ರೋಗಾಣುಗಳನ್ನು ಕೊಲ್ಲುತ್ತಿದ್ದರು. ಆಸರೆಗೆ ಅಂಟಿ ಗುಂಪುಗೂಡುವುದು ರೋಗಾಣುವಿನ ಶಕ್ತಿ. ಒಂದು ಹನಿ ಎಣ್ಣೆಯನ್ನು ಆಸರೆಯಾಗಿ ಒಡ್ಡಿ ಆ ಶಕ್ತಿಯನ್ನೇ ಮದ್ದಿನ ಕಣಜವಾಗಿಸಿದ್ದು ಹಾಫ್ಕಿನ್ನರ ಜಾಣ್ಮೆ.

1897ರ ಜನವರಿ 10ರಂದು ಅವರು ಈ ಲಸಿಕೆಯನ್ನೂ ಮೊದಲು ತನಗೇ ಚುಚ್ಚಿಸಿಕೊಂಡರು. ಅದೂ ಮುಂದೆ ಇತರರಿಗೆ ಕೊಟ್ಟ ಪ್ರಮಾಣದ ಸುಮಾರು ಮೂರು ಪಟ್ಟು. ತೀವ್ರ ಜ್ವರವನ್ನೂ ನೋವನ್ನೂ ಅನುಭವಿಸಿ ಚೇತರಿಸಿಕೊಂಡರು. ಅದೇ ತಿಂಗಳ ಕೊನೆಗೆ ಬೈಕುಲಾ ಸೆರೆಮನೆಯಲ್ಲಿ ಪ್ಲೇಗು ಕಾಣಿಸಿತು. ಸುಮಾರು ಅರ್ಧದಷ್ಟು ಕೈದಿಗಳು ಸ್ವಇಚ್ಛೆಯಿಂದ ಚುಚ್ಚುಮದ್ದಿಗೆ ಒಪ್ಪಿದರು. ಚುಚ್ಚುಮದ್ದಿನ ದಿನವೇ ರೋಗ ಹಿಡಿದಿದ್ದವರನ್ನು ಬಿಟ್ಟರೆ, ಅದನ್ನು ಪಡೆದ ಯಾರೂ ಸಾಯಲಿಲ್ಲ. ಪಡೆಯದವರಲ್ಲಿ 6 ಮಂದಿ ಸತ್ತರು. ಆಗಾಖಾನರು ಸಾರ್ವಜನಿಕವಾಗಿ ಚುಚ್ಚುಮದ್ದು ತೆಗೆದುಕೊಂಡು ತಮ್ಮ ಅನುಯಾಯಿಗಳಿಗೆ ಧೈರ್ಯ ತುಂಬಿದರು. ಒಂದೆಡೆ ಸರಕಾರದ ಸಿಪಾಯಿಗಳು ಮನೆಮನೆಗೆ ನುಗ್ಗಿ ರೋಗಿಗಳನ್ನು ಎಳೆದೊಯ್ಯುತ್ತಿದ್ದಾಗ, ಬಲಾತ್ಕಾರವಿಲ್ಲದೆ ಜನರ ಒಪ್ಪಿಗೆಯಿಂದಲೇ ಮುಂದುವರಿಯಬೇಕೆಂಬ ಹಾಫ್ಕಿನ್ನರ ನಿಲುವು ಜನರ ಭಯವನ್ನು ಸ್ವಲ್ಪವಾದರೂ ಕಡಿಮೆ ಮಾಡಿತು.

ಕನ್ನಡ ನಾಡಿಗೂ ಪ್ಲೇಗು ತಡಮಾಡದೆ ಬಂತು. 1898ರಲ್ಲಿ ಹುಬ್ಬಳ್ಳಿ ತತ್ತರಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರು. ಇಲಿ ಬಿತ್ತೆಂಬ ಸುದ್ದಿ ಹಬ್ಬಿದರೆ ಸಾಕು, ಜನ ಊರಿನ ಹೊರಗೆ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಬಯಲಲ್ಲಿ ಬಾಳುತ್ತಿದ್ದರು. ಪ್ಲೇಗಿನ ಮಾರಮ್ಮನಿಗೆ ಗುಡಿಗಳೆದ್ದವು. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯ ಅಗ್ರಹಾರವನ್ನು ಆವರಿಸುವುದೂ ಇದೇ ಮಾರಿಯ ನೆರಳು. ಹುಬ್ಬಳ್ಳಿಯಲ್ಲಿ ಹಾಫ್ಕಿನ್ನರ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಕೊಡಲಾಯಿತು; 30,000ಕ್ಕೂ ಹೆಚ್ಚು ಜನ ಅದನ್ನು ತೆಗೆದುಕೊಂಡರು. ಒಂದು ಊರಿಗೆ ಊರೇ ಚುಚ್ಚುಮದ್ದಿಗೆ ಮುಂದಾದ ಮೊದಲ ನಿದರ್ಶನಗಳಲ್ಲಿ ನಮ್ಮ ಹುಬ್ಬಳ್ಳಿಯೂ ಸೇರುತ್ತದೆ. ಆ ಲಸಿಕೆ ಪೂರ್ಣ ರಕ್ಷೆಯಾಗಿರಲಿಲ್ಲ. ಆದರೆ ಸಾವಿನ ಸಂಖ್ಯೆಯನ್ನು ಅರ್ಧಕ್ಕಿಂತ ಕೆಳಗಿಳಿಸುತ್ತಿತ್ತು. ಬೇರೆ ಮದ್ದೇ ಇಲ್ಲದ ಕಾಲದಲ್ಲಿ ಅದೇನೂ ಸಣ್ಣ ಮಾತಾಗಿರಲಿಲ್ಲ.

ಪ್ಲೇಗು ಹರಡುವ ಗುಟ್ಟಿನಲ್ಲಿಯೂ ಆ ಲೋಳೆಯ ಕೈವಾಡವಿದೆ. ಇಲಿಯಿಂದ ರೋಗವನ್ನು ದಾಟಿಸುವುದು ಚಿಗಟವೆಂದು 1898ರಲ್ಲಿ ಪಾಲ್ ಲೂಯಿ ಸಿಮೋನ್ ಕರಾಚಿಯಲ್ಲಿ ತೋರಿಸಿದರು. 1914ರಲ್ಲಿ ಬೇಕಟ್ ಮತ್ತು ಮಾರ್ಟಿನ್ ಎಂಬ ಇಬ್ಬರು ವಿಜ್ಞಾನಿಗಳು, ರೋಗಾಣುಗಳ ಮುದ್ದೆಯೊಂದು ಚಿಗಟದ ಗಂಟಲ ದಾರಿಯನ್ನೇ ಕಟ್ಟಿಬಿಡುವುದನ್ನು ಕಂಡರು. ದಾರಿ ಕಟ್ಟಿದ ಚಿಗಟಕ್ಕೆ ಹಸಿವು ಇಂಗುವುದಿಲ್ಲ. ಅದು ಮತ್ತೆ ಮತ್ತೆ ಕಚ್ಚುತ್ತದೆ. ಹೀರಿದ ರಕ್ತ ಒಳಗಿಳಿಯದೆ ರೋಗಾಣುಗಳನ್ನು ಹೊತ್ತು ಗಾಯಕ್ಕೇ ಹಿಂದಿರುಗುತ್ತದೆ. ಆ ಮುದ್ದೆ ಪ್ಲೇಗಿನ ರೋಗಾಣು ಕಟ್ಟಿಕೊಂಡ ಜೈವಿಕ ಪದರವೆಂಬುದು ಈಚಿನ ದಶಕಗಳಲ್ಲಿ ಖಚಿತವಾಗಿದೆ. ಕುಪ್ಪಿಯಲ್ಲಿ ಎಣ್ಣೆಯ ಹನಿಗೆ ಅಂಟಿಕೊಳ್ಳುತ್ತಿದ್ದ ಜೀವಿಯೇ ಚಿಗಟದ ಗಂಟಲಿಗೂ ಅಂಟಿಕೊಂಡು ಊರುಗಳನ್ನು ಬರಿದುಮಾಡುತ್ತಿತ್ತು.

1899ರ ಆಗಸ್ಟಿನಲ್ಲಿ ಪರೇಲಿನ ಹಳೆಯ ಗವರ್ನರ್ ನಿವಾಸದಲ್ಲಿ ಪ್ಲೇಗ್ ಸಂಶೋಧನಾಲಯ ಆರಂಭವಾಯಿತು. ಹಾಫ್ಕಿನ್ ಅದರ ಮುಖ್ಯಸ್ಥರಾದರು. ಕೀರ್ತಿಯ ಶಿಖರದಲ್ಲಿದ್ದಾಗಲೇ ಸಿಡಿಲೆರಗಿತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಚುಚ್ಚುಮದ್ದು ಕೊಡಲಾಯಿತು. ಅವರಲ್ಲಿ ಒಂದೇ ಕುಪ್ಪಿಯಿಂದ ಮದ್ದು ಪಡೆದ 19 ಮಂದಿಗೆ ಧನುರ್ವಾಯು ತಗಲಿತು. 19 ಮಂದಿಯೂ ಸತ್ತರು. ಉಳಿದ ಕುಪ್ಪಿಗಳಿಂದ ಪಡೆದವರಿಗೆ ಏನೂ ಆಗಲಿಲ್ಲ. ವಿಚಾರಣಾ ಮಂಡಲಿ ದೋಷವನ್ನು ಮುಂಬಯಿಯ ಪ್ರಯೋಗಾಲಯದ ಮೇಲೆ ಹೊರಿಸಿತು. ಹಾಫ್ಕಿನ್ ಅಧಿಕಾರ ಕಳೆದುಕೊಂಡು 1904ರಲ್ಲಿ ದೇಶ ಬಿಟ್ಟರು.

ನಿಜವಾಗಿ ನಡೆದದ್ದು ಬೇರೆ. ಹಳ್ಳಿಯಲ್ಲಿ ಆ ಕುಪ್ಪಿಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಗೊಳಿಸದೆ, ಔಷಧದ ನೀರಿನಲ್ಲಿ ಸುಮ್ಮನೆ ಅದ್ದಿ ಕುಪ್ಪಿಯ ಬಿರಡೆ ಕೀಳಲಾಗಿತ್ತು. ಧನುರ್ವಾಯುವಿನ ರೋಗಾಣುವಿನ ಬೀಜಕಗಳು ಇರುವುದು ಮಣ್ಣಿನಲ್ಲಿ. ಅವು ಪ್ರಯೋಗಾಲಯದಲ್ಲಿಯೇ ಒಳಹೊಕ್ಕಿದ್ದರೆ, ಅಷ್ಟು ದಿನ ಮುಚ್ಚಿಟ್ಟ ಮದ್ದು ದುರ್ನಾತ ಬೀರಬೇಕಿತ್ತು. ತೆರೆದಾಗ ಅಂಥ ವಾಸನೆಯೇನೂ ಕಂಡುಬಂದಿರಲಿಲ್ಲ. ಈ ಸರಳ ಸಾಕ್ಷ್ಯಕ್ಕೆ ಕಿವಿಗೊಡಲು ಅಧಿಕಾರಕ್ಕೆ ಐದು ವರ್ಷ ಹಿಡಿಯಿತು. 1907ರಲ್ಲಿ ದಾಖಲೆಗಳು ಬೆಳಕಿಗೆ ಬಂದಾಗ, ಮಲೇರಿಯಾದ ಗುಟ್ಟನ್ನು ಭೇದಿಸಿದ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಹಾಫ್ಕಿನ್ನರ ಪರವಾಗಿ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು. ಕೊನೆಗೆ ಅವರು ನಿರ್ದೋಷಿಯೆಂದು ಸರಕಾರ ಒಪ್ಪಿಕೊಂಡಿತು.

ಸತ್ತ 19 ಮಂದಿ ಹಳ್ಳಿಗರನ್ನು ಮರೆತು ಈ ಕತೆ ಹೇಳಲಾಗದು. ಅವರು ಲಸಿಕೆಯನ್ನು ನಂಬಿ ತೋಳು ಕೊಟ್ಟವರು. ಕುಪ್ಪಿಗಳಲ್ಲಿ ವಾರಗಟ್ಟಲೆ ಎಚ್ಚರದಿಂದ ಬೆಳೆಸಿದ ಮದ್ದು ಒಂದು ನಿಮಿಷದ ಅಲಕ್ಷ್ಯದಿಂದ ವಿಷವಾಯಿತು. ಉಪಕರಣವನ್ನು ಔಷಧದ ನೀರಿನಲ್ಲಿ ಅದ್ದಿದ ಮಾತ್ರಕ್ಕೆ ಅದು ಶುದ್ಧವಾಗುವುದಿಲ್ಲವೆಂಬ ಪಾಠವನ್ನು ಲೋಕ ಅಂದು ಕಲಿಯಿತು. ಲೋಳೆ ಕಟ್ಟಿದ ಪಾತ್ರೆಯನ್ನು ನೀರಲ್ಲಿ ತೊಳೆದರೆ ಸಾಲದು, ಉಜ್ಜಲೇಬೇಕು ಎಂದು ಇಂದು ವೈದ್ಯರೂ ದಾದಿಯರೂ ಹೇಳುವುದು ಅದೇ ಪಾಠದ ಮುಂದುವರಿಕೆ. ದುಃಖದ ಭರದಲ್ಲಿ, ಸಾಕ್ಷ್ಯವನ್ನು ಪೂರ್ತಿ ನೋಡದೆ, ಒಬ್ಬನ ತಲೆಯ ಮೇಲೆ ತಪ್ಪು ಹೊರಿಸಬಾರದೆಂಬುದು ಇನ್ನೊಂದು ಪಾಠ. ಅದನ್ನು ಕಲಿತು ಮುಗಿಸಿದೆವೆಂದು ಹೇಳುವ ಧೈರ್ಯ ಯಾವ ಕಾಲದವರಿಗೂ ಬಂದಿಲ್ಲ.

ಹಾಫ್ಕಿನ್ ಮತ್ತೆ ಭಾರತಕ್ಕೆ ಮರಳಿದರು. ಆದರೆ ಮುಂಬಯಿಗಲ್ಲ, ಕಲ್ಕತ್ತಕ್ಕೆ. ತಾವು ಕಟ್ಟಿದ ಸಂಶೋಧನಾಲಯದ ಪೀಠ ಅವರಿಗೆ ಮತ್ತೆ ಸಿಗಲಿಲ್ಲ. ಹೊಸ ಲಸಿಕೆಗಳನ್ನು ಜನರ ಮೇಲೆ ಪರೀಕ್ಷಿಸುವ ಅವಕಾಶವೂ ದೊರೆಯಲಿಲ್ಲ. ಮೊದಲ ಮಹಾಯುದ್ಧ ಆರಂಭವಾದ ದಿನಗಳಲ್ಲಿ ನಿವೃತ್ತರಾಗಿ ಯುರೋಪಿಗೆ ತೆರಳಿದರು. ಅವರು ಮದುವೆಯಾಗಿರಲಿಲ್ಲ. ಕೊನೆಯ ವರ್ಷಗಳನ್ನು ಧರ್ಮಚಿಂತನೆಯಲ್ಲಿ ಕಳೆದು, ತಮ್ಮ ಗಳಿಕೆಯನ್ನು ಪೂರ್ವ ಯುರೋಪಿನ ಯೆಹೂದ್ಯ ಪಾಠಶಾಲೆಗಳ ಪೋಷಣೆಗೆ ಮುಡಿಪಾಗಿಟ್ಟರು. ವಿದ್ಯೆಯಿಂದ ಬಂದುದು ವಿದ್ಯೆಗೇ ಸಂದಿತು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್‌ಲ್ಯಾಂಡಿನ ಲೋಸಾನ್ ನಗರದಲ್ಲಿ ತಮ್ಮ 70ನೆಯ ವಯಸ್ಸಿನಲ್ಲಿ ನಿಧನರಾದರು.

ಪರೇಲಿನ ಸಂಶೋಧನಾಲಯಕ್ಕೆ ಹಾಫ್ಕಿನ್ ಸಂಸ್ಥೆ ಎಂದು ಹೆಸರಿಟ್ಟದ್ದು ಅವರು ಬದುಕಿದ್ದಾಗಲೇ, 1925ರಲ್ಲಿ. ಅಷ್ಟರಲ್ಲಿ ಅಲ್ಲಿಂದ ಸುಮಾರು 2 ಕೋಟಿ 60 ಲಕ್ಷ ಪ್ರಮಾಣ ಪ್ಲೇಗಿನ ಲಸಿಕೆ ಹೊರಗೆ ಹೋಗಿತ್ತು. 1964ರಲ್ಲಿ ಭಾರತದ ಅಂಚೆ ಇಲಾಖೆ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು. ಅವರ ಲಸಿಕೆಯ ಸ್ಥಾನವನ್ನು ಮುಂದೆ ಬೇರೆ ಔಷಧಗಳು ತುಂಬಿದವು. ಸ್ಟ್ರೆಪ್ಟೊಮೈಸಿನ್ನಿನಂಥ ಜೀವನಿರೋಧಕಗಳು ಬಂದ ಮೇಲೆ ಪ್ಲೇಗು ಗುಣವಾಗುವ ರೋಗವಾಯಿತು. ಈಗ ಆ ಔಷಧಗಳಿಗೂ ಬಗ್ಗದೆ ಲೋಳೆಯ ಕೋಟೆಯೊಳಗೆ ಅವಿತು ಕೂರುವ ರೋಗಾಣುಗಳು ಆಸ್ಪತ್ರೆಗಳಿಗೆ ಹೊಸ ಸವಾಲಾಗಿವೆ. ಆ ಕೋಟೆ ಒಡೆಯುವ ಉಪಾಯಗಳನ್ನು ಹುಡುಕುವ ಕೆಲಸ ಮುಗಿದಿಲ್ಲ.

ಒಡೆಸ್ಸಾದಲ್ಲಿ ಹುಟ್ಟಿದ ಒಬ್ಬನ ಬುದ್ಧಿ, ಅವನಿಗೆ ಜೊತೆಯಾದ ಭಾರತೀಯ ವೈದ್ಯರ ಶ್ರಮ, ಕಲ್ಕತ್ತದ ಕೇರಿಯ, ಬೈಕುಲಾ ಸೆರೆಮನೆಯ, ಹುಬ್ಬಳ್ಳಿಯ ಸಾಮಾನ್ಯ ಜನರ ಧೈರ್ಯ, ಇವೆಲ್ಲ ಕೂಡಿದ್ದರಿಂದ ಒಂದು ಮದ್ದು ಮದ್ದಾಯಿತು. ವಿಜ್ಞಾನದ ಪಾಠವನ್ನು ತಾಯ್ನುಡಿಯಲ್ಲಿ ಕಲಿಸುವ ನಮ್ಮ ಶಾಲೆಯಂಥ ಸಂಸ್ಥೆಗಳು ಮಾಡುವ ಕೆಲಸವೂ ಇದಕ್ಕೆ ದೂರದ್ದಲ್ಲ. ಜನರು ತಮ್ಮ ಭಾಷೆಯಲ್ಲಿ ಅರ್ಥಮಾಡಿಕೊಂಡ ಮೇಲೆಯೇ ತೋಳು ಮುಂದೆ ಚಾಚುತ್ತಾರೆಂಬುದನ್ನು ಹಾಫ್ಕಿನ್ ಕಲ್ಕತ್ತದ ಕೇರಿಯಲ್ಲಿ ಕಂಡುಕೊಂಡಿದ್ದರು. ಇಲ್ಲಿ ಓದುತ್ತಿರುವ ಮಕ್ಕಳಲ್ಲಿ ಯಾರಾದರೊಬ್ಬರು ನಾಳೆ ಸೂಕ್ಷ್ಮದರ್ಶಕದ ಮುಂದೆ ಕುಳಿತು, ಊರ ಕೆರೆಯ ಹಾವಸೆಯೊಳಗೆ ಅಡಗಿರುವ ಆ ಕಾಣದ ಲೋಕವನ್ನು ನೋಡಿ, ಅದರ ಸುದ್ದಿಯನ್ನು ಕನ್ನಡದಲ್ಲಿ ನಮಗೆ ತಿಳಿಸುವಂತಾಗಲಿ.